ಇದರ ಜೊತೆ ಇವೂ ಹೋಗುತ್ತವೆ

ನಮ್ಮೂರಿನಲ್ಲಿ ಮನೆಗೆ ಬಂದ ಸೊಸೆಗೆ ಒಲೆಯನ್ನು ಮೊದಲ ವಾರವೇ ಒಪ್ಪಿಸುತ್ತಾರೆ, ಪಾಸ್‌ವರ್ಡನ್ನು ಮಾತ್ರ ಅಷ್ಟು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ನಮ್ಮತ್ತೆ ಗಂಗಾಂಬಿಕಮ್ಮನವರು ಅದನ್ನು ನನಗೆ ಕೊಟ್ಟದ್ದು ಅವರ ಕಣ್ಣಿಗೆ ಪೊರೆ ಬಂದು, ಪರದೆಯ ಮೇಲಿನ ಅಕ್ಷರಗಳು ಇರುವೆ ಸಾಲಿನ ಹಾಗೆ ಕಾಣತೊಡಗಿದ ಮೇಲೆ. ಅಷ್ಟು ಹೊತ್ತಿಗೆ ನನ್ನ ತಲೆಯಲ್ಲೂ ಬಿಳಿ ಕೂದಲು ಇಣುಕಿತ್ತು. ಹತ್ತಿರ ಕರೆದು, ಕಿವಿಯಲ್ಲಿ ಹೇಳಿ, ನನ್ನಿಂದಲೂ ಹೇಳಿಸಿ, "ಇನ್ನು ಮನೆ ನಿಂದು ವಿಶಾಲು. ಹಾಕೋದು ಏನ್ ಬೇಕಾದ್ರೂ ಹಾಕ್ಕೋ. ತೆಗೆಯೋವಾಗ ಮಾತ್ರ ಹತ್ತು ಸಲ ನೋಡ್ಕೊಂಡು ತೆಗಿ" ಅಂದರು.

ಆ ಮಾತನ್ನು ನನಗೆ ಹೇಳುವ ಅಗತ್ಯವೇ ಇರಲಿಲ್ಲ. ನಾನು ಮೊದಲೇ ಹೆದರುಪುಕ್ಕಲಿ. ಬೀಗ ಹಾಕಿ ಬೀದಿಯ ತುದಿ ಮುಟ್ಟಿದ ಮೇಲೆ, ಹಾಕಿದೆನೋ ಇಲ್ಲವೋ ಎಂದು ವಾಪಸು ಬಂದು ಎಳೆದು ನೋಡುವವಳು. ಹಾಲು ಬೆಚ್ಚಗಾಗುವ ಮುಂಚೆಯೇ ಉಕ್ಕಿತೆಂದು ಓಡುವವಳು. ಪಾಸ್‌ವರ್ಡ್ ಸಿಕ್ಕಿದ ಮೇಲೆ ನನ್ನ ಎದೆ ಹಗುರಾಗುವುದು ಹಾಗಿರಲಿ, ಅದರ ಮೇಲೆ ಒಂದು ಒರಳುಕಲ್ಲು ಇಟ್ಟಂತಾಯಿತು. ಕಪ್ಪು ಪರದೆಯಲ್ಲಿ ಪಾಸ್‌ವರ್ಡ್ ಒತ್ತುವಾಗ ಅಕ್ಷರವೂ ಕಾಣುವುದಿಲ್ಲ, ಒಂದು ಚುಕ್ಕಿಯೂ ಬೀಳುವುದಿಲ್ಲ. ಒತ್ತಿದೆನೋ, ಬಿಟ್ಟೆನೋ, ಒಂದಕ್ಕೆ ಎರಡು ಸಲ ಒತ್ತಿದೆನೋ ಎಂದು ಪ್ರತಿ ಸಲವೂ ಬೆನ್ನು ಬೆವರುತ್ತಿತ್ತು.

ನಮ್ಮೂರಿನಲ್ಲಿ ಪ್ರತಿ ಮನೆಯ ನಡುಮನೆಯಲ್ಲೂ ಒಂದು ಲಿನಕ್ಸ್ ಕಂಪ್ಯೂಟರ್ ಇರುತ್ತದೆ. ಅದರಲ್ಲಿ ಏನಿದೆಯೋ ಅದು ಆ ಮನೆಯಲ್ಲೂ ಇರುತ್ತದೆ. ಅದರಿಂದ ಏನನ್ನು ತೆಗೆದರೋ ಅದು ಮನೆಯಿಂದಲೂ ಹೋಗುತ್ತದೆ. ಪರವೂರಿನವರು ಇದನ್ನು ಕೇಳಿ ಬಾಯಿ ಬಾಯಿ ಬಿಡುತ್ತಾರೆ. ನಮಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ, ತಲೆನೋವು ಮಾತ್ರ ಇದೆ. ಯಾಕೆಂದರೆ ಯಾವುದು ಯಾವುದಕ್ಕೆ ಒರಗಿ ನಿಂತಿದೆ ಎಂದು ಯಾರಿಗೂ ಪೂರ್ತಿ ತಿಳಿಯದು. ಮೂಲೆಮನೆಯ ಸಂಕಮ್ಮನವರು ಯಾರೂ ಆಡದ ಇಸ್ಪೀಟಿನ ಆಟವೊಂದನ್ನು ತೆಗೆದರು. ಅವತ್ತಿನಿಂದ ಅವರ ಮನೆಯಲ್ಲಿ ಹಾಲು ಹೆಪ್ಪಾಗುವುದಿಲ್ಲ. ಇಸ್ಪೀಟಿಗೂ ಮೊಸರಿಗೂ ಎಲ್ಲಿಂದೆಲ್ಲಿಯ ಸಂಬಂಧ ಎಂದು ಕೇಳಿದರೆ ಏನು ಹೇಳುವುದು? ಆಟವನ್ನು ಮತ್ತೆ ಹಾಕಿ ನೋಡಿದರು, ಆಟ ಬಂತು, ಮೊಸರು ಬರಲಿಲ್ಲ. ಈಗಲೂ ಸಂಕಮ್ಮ ದಿನಾ ಲೋಟ ಹಿಡಿದು ನಮ್ಮ ಮನೆಗೆ ಬರುತ್ತಾರೆ.

ಆದ್ದರಿಂದ ನಮ್ಮ ಬೀದಿಯಲ್ಲಿ ಏನನ್ನು ತೆಗೆಯುವುದಿದ್ದರೂ ‘ನಂದಲ್ಲ’ ಹೇಳಿಸುವ ಪದ್ಧತಿ ಬೆಳೆದು ಬಂದಿದೆ. ಒಂದನ್ನು ತೆಗೆ ಅಂದ ಕೂಡಲೇ ಕಂಪ್ಯೂಟರ್ ತೆಗೆದುಬಿಡುವುದಿಲ್ಲ. ಇದರ ಜೊತೆ ಇವೂ ಹೋಗುತ್ತವೆ ಎಂದು ಇನ್ನಷ್ಟು ಹೆಸರು ತೋರಿಸಿ, ಮುಂದುವರಿಯಲೇ ಎಂದು ಕೇಳಿ, ಹೌದು ಎನ್ನುವ ವೈ ಅಕ್ಷರಕ್ಕೆ ಕಾದು ಕೂರುತ್ತದೆ. ಆಗ ನೆರೆಹೊರೆಯವರನ್ನು ಹೊಸಿಲಿಗೆ ಕರೆಯಬೇಕು. ಹೆಸರು ಓದುವವರು ಹೊರಗಿನವರೇ ಆಗಬೇಕು, ಮನೆಯವರಾದರೆ ಆತುರಕ್ಕೆ ಹಾರಿಸಿ ಓದುತ್ತಾರೆ. ಒಂದೊಂದು ಹೆಸರಿಗೂ ಮನೆಯವರೆಲ್ಲ ‘ನಂದಲ್ಲ’ ಅನ್ನಬೇಕು. ಒಬ್ಬರು ‘ನಂದು’ ಅಂದರೂ ಅಲ್ಲಿಗೇ ನಿಲ್ಲಿಸಿ, ಬಂದವರಿಗೆ ಕಾಫಿ ಕೊಟ್ಟು ಕಳಿಸಬೇಕು. ಯಾರೂ ಅನ್ನದಿದ್ದರೆ ವೈ ಒತ್ತಬೇಕು.

ಓದುವುದಕ್ಕೆ ಎದುರು ಮನೆಯ ದಾಕ್ಷಾಯಣಕ್ಕನೇ ಆಗಬೇಕು. ಅವರದು ಕಂಚಿನ ಕಂಠ, ಅದರ ಜೊತೆ ಖಾರದ ನಾಲಿಗೆ. ಮಧ್ಯೆ ಮಧ್ಯೆ ಎಲ್ಲರನ್ನೂ ರೇಗಿಸುತ್ತಾ ಓದುತ್ತಿದ್ದರು. "ಇದೇನೇ ಇದು, ಇಷ್ಟುದ್ದ ಹೆಸರು? ನಿಮ್ಮ ಮಾವನ ಬಾಲನೇನೇ?" ಎಂದು ಎಲ್ಲರನ್ನೂ ನಗಿಸಿ ಮುಂದಿನ ಹೆಸರಿಗೆ ಹೋಗುವರು. ಸೊಪ್ಪಿನವನಿಂದ ಹಿಡಿದು ಕರೆಂಟಿನವನ ತನಕ ಆ ನಾಲಿಗೆಗೆ ಹೆದರದವರು ಇರಲಿಲ್ಲ. ಆದರೆ ಅವರ ಮನೆಯಲ್ಲಿ ಮಾತ್ರ ಯಾವತ್ತೂ ‘ನಂದಲ್ಲ’ ಹೇಳಿಸಿದ್ದು ನಾನು ಕಂಡಿಲ್ಲ. ಏನನ್ನೂ ತೆಗೆಯದೆ ಒಬ್ಬ ಹೆಂಗಸು ಸಂಸಾರ ಹೇಗೆ ನಡೆಸುತ್ತಾರೋ ಎಂದು ನನಗೆ ಸೋಜಿಗವಾಗುತ್ತಿತ್ತು.

ಆ ಬೇಸಿಗೆಯಲ್ಲಿ ನಮ್ಮ ಮನೆ ತುಂಬಿಹೋಯಿತು. ಕಂಪ್ಯೂಟರಿನ ಡಿಸ್ಕು ಎಷ್ಟು ತುಂಬಿದೆ ಎಂದು ತೋರಿಸುವ ಗೆರೆ ಕೆಂಪಗಾಗಿ ಅಂಚು ಮುಟ್ಟಿತ್ತು. ತುಂಬಿದ ಮನೆಯ ಪಾಡು ಅನುಭವಿಸಿದವರಿಗೇ ಗೊತ್ತು. ಅನ್ನ ಬೆಂದು ತಣ್ಣಗಾದ ಮೇಲೆ ಕುಕ್ಕರ್ ಸೀಟಿ ಹೊಡೆಯುವುದು. ಸ್ವಿಚ್ ಹಾಕಿ ಪೊರಕೆ ಹಿಡಿದು ಅರ್ಧ ಕೋಣೆ ಗುಡಿಸಿದ ಮೇಲೆ ದೀಪ ಹತ್ತುವುದು. "ರೀ, ಊಟಕ್ಕೆ ಬನ್ನಿ" ಎಂದು ಕರೆದರೆ, ನಾನು ಮುನಿಸಿಕೊಂಡು ಪಾತ್ರೆ ಎತ್ತಿಟ್ಟ ಮೇಲೆ "ಬಂದೆ" ಎಂದು ಉತ್ತರ ಬರುವುದು. ಏನಾದರೂ ತೆಗೆಯದೆ ವಿಧಿಯಿರಲಿಲ್ಲ.

ಬಹಳ ಯೋಚಿಸಿ, ಗಂಟೆ ಹೊಡೆಯುವ ಹಳೆಯ ಗಡಿಯಾರವೊಂದನ್ನು ಆರಿಸಿದೆ. ಅದು ಮಾವನವರ ಕಾಲದ್ದು. ಮೊಬೈಲು ಬಂದ ಮೇಲೆ ಅದರ ಗಂಟೆಗೆ ಯಾರೂ ಕಿವಿಗೊಡುತ್ತಿರಲಿಲ್ಲ, ಜಾಗವನ್ನು ಮಾತ್ರ ಜಮೀನ್ದಾರನ ಹಾಗೆ ಹಿಡಿದು ಕೂತಿತ್ತು. ನಮ್ಮಲ್ಲಿ ತೆಗೆಯುವುದಕ್ಕೆ ಎರಡು ದಾರಿ. ರಿಮೂವ್ ಅಂದರೆ ಬಾಡಿಗೆಯವನು ಹೋಗುತ್ತಾನೆ, ಅವನ ಹಾಸಿಗೆ ಉಳಿಯುತ್ತದೆ. ಪರ್ಜ್ ಅಂದರೆ ಹಾಸಿಗೆಯೂ ಅವನ ಜೊತೆಗೇ ಹೋಗುತ್ತದೆ. ಹೋಗುವುದು ಪೂರ್ತಿ ಹೋಗಲಿ, ಮತ್ತೆ ಮತ್ತೆ ಈ ಎದೆಬಡಿತ ಯಾರಿಗೆ ಬೇಕು ಎಂದು ನಾನು ಪರ್ಜ್ ಅಂದೆ. ಗಡಿಯಾರದ ಕೆಳಗೆ ಇನ್ನು ಕೆಲವು ಹೆಸರು ಬಂದವು. ಬೀದಿಯನ್ನು ಕರೆದೆ.

ದಾಕ್ಷಾಯಣಕ್ಕ ಸೆರಗು ಸಿಕ್ಕಿಸಿಕೊಂಡು ಓದಲು ನಿಂತರು. ನನ್ನ ಗಂಡ ಉಮಾಪತಿ, ನಮ್ಮತ್ತೆ, ನಾನು ಸಾಲಾಗಿ ನಿಂತೆವು. ಗಡಿಯಾರದ ಶಬ್ದಗಳ ಹೆಸರು ಓದಿದರು, ನಂದಲ್ಲ, ನಂದಲ್ಲ, ನಂದಲ್ಲ. ಮುಳ್ಳುಗಳ ಚಿತ್ರದ ಹೆಸರು ಓದಿದರು, ನಂದಲ್ಲ. ಆಮೇಲೆ "ಓರ್ಲಾ" ಎಂದು ಓದಿದರು. ಅದು ಏನು, ಎತ್ತ ಎಂದು ಹೆಸರಿನಿಂದ ತಿಳಿಯುವಂತಿರಲಿಲ್ಲ. ದಾಕ್ಷಾಯಣಕ್ಕ ಈ ಹೆಸರಿಗೆ ಯಾವ ಕೀಟಲೆಯನ್ನೂ ಮಾಡಲಿಲ್ಲ, ಇನ್ನೊಂದು ಸಲ "ಓರ್ಲಾ" ಎಂದು ಓದಿ ನಮ್ಮತ್ತೆಯ ಮುಖ ನೋಡಿದರು. ಅತ್ತೆಗೆ ಕಿವಿ ಮಂದ, ಕೇಳಿಸಿಲ್ಲವೇನೋ ಎಂದು ಹಾಗೆ ಮಾಡಿದರೆಂದುಕೊಂಡೆ. "ನಂದಲ್ಲ" ಅಂದೆ ನಾನು. "ನಂದಲ್ಲ" ಅಂದರು ನನ್ನ ಗಂಡ, ಚೊಕ್ಕವಾಗಿ, ಗಂಟೆ ಬಾರಿಸಿದ ಹಾಗೆ. ನಮ್ಮತ್ತೆ ಸ್ವಲ್ಪ ತಡೆದು, ನೆಲ ನೋಡುತ್ತಾ, "ನಂದಲ್ಲ" ಅಂದರು. ಹೊಸಿಲ ಆಚೆ ಇಡೀ ಬೀದಿ ನಿಂತಿತ್ತು.

ವೈ ಒತ್ತಿದೆ. ಅಷ್ಟಕ್ಕೇ ಬಿಡದೆ, ಡೌನ್‌ಲೋಡ್ಸ್ ಎಂಬ ಗೂಡಿನಲ್ಲಿ ಬಿದ್ದಿದ್ದ ಹಳೆಯ ಫೈಲುಗಳನ್ನೆಲ್ಲ ಗುಡಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ. ಮನೆ ಹಗುರಾಯಿತು. ಸಂಜೆ ಕುಕ್ಕರ್ ಸರಿಯಾದ ಹೊತ್ತಿಗೆ ಸೀಟಿ ಹೊಡೆದದ್ದನ್ನು ಕೇಳಿ ನನಗೆ ಕುಣಿಯುವಷ್ಟು ಖುಷಿಯಾಯಿತು.

ಬೆಳಗ್ಗೆ ಬಚ್ಚಲಿಂದ ನನ್ನ ಗಂಡ ಕೂಗಿದರು. "ಟ... ಟ... ಟ..." ಎಂದು ಏನೋ ಸದ್ದು ಬಂತು. ನಲ್ಲಿ ಕೆಟ್ಟಿತೇನೋ ಎಂದು ಓಡಿದೆ. ಅವರು ಬಾಗಿಲ ಸಂದಿಯಿಂದ ಮುಖ ಹಾಕಿ, ಕತ್ತಿನ ನರ ಉಬ್ಬಿಸಿಕೊಂಡು, ಒಂದೇ ಅಕ್ಷರವನ್ನು ನೂಕುತ್ತಿದ್ದರು. ಕೊನೆಗೆ "ಟವಲ್" ಎಂದು ಹೊರಬಿತ್ತು. ಇಬ್ಬರೂ ನಕ್ಕೆವು. ತಣ್ಣೀರು ಮಿಂದದ್ದಕ್ಕೆ ನಾಲಿಗೆ ಮರಗಟ್ಟಿದೆ ಅಂದೆ. ನಗುತ್ತಲೇ ನಡುಮನೆಗೆ ಹೋಗಿ ಕಂಪ್ಯೂಟರಿನ ಕಡೆ ಒಮ್ಮೆ ನೋಡಿ ಬಂದೆ.

ಅವರದು ಬಸ್ ಸ್ಟ್ಯಾಂಡಿನಲ್ಲಿ ಮೈಕು ಹಿಡಿಯುವ ಕೆಲಸ. ಯಾವ ಬಸ್ಸು ಎಲ್ಲಿಗೆ ಹೊರಡುತ್ತದೆ ಎಂದು ಕೂಗುವುದು. ಮೂಡಲಕಟ್ಟೆ, ಕಲ್ಲುಬಾವಿ, ಹೊಸಸಂತೆ ಎಂಬ ಸಾದಾ ಹೆಸರುಗಳು ಅವರ ಬಾಯಲ್ಲಿ ಬಂದರೆ, ಅಲ್ಲಿಗೆ ಹೋಗುವ ಕೆಲಸ ಇಲ್ಲದವರಿಗೂ ಒಮ್ಮೆ ಹೋಗಿ ಬರೋಣ ಅನ್ನಿಸುತ್ತಿತ್ತು. ನಾನು ಅವರನ್ನು ಮದುವೆಗೆ ಒಪ್ಪಿದ್ದೂ ಆ ದನಿಗೇ, ಮುಖ ನೋಡಿದ್ದು ಆಮೇಲೆ. ಅವತ್ತು ಅವರು ಬಿಸಿಲು ಏರುವ ಮುಂಚೆಯೇ ಮನೆಗೆ ಬಂದರು. ಚಪ್ಪಲಿ ಬಿಡದೆ ಕುರ್ಚಿಯಲ್ಲಿ ಕೂತರು. ನಡೆದದ್ದನ್ನು ನಾನು ಕೇಳಿದ್ದು ಅವರ ಜೊತೆ ಬಂದಿದ್ದ ಕಂಡಕ್ಟರನ ಬಾಯಿಂದ.

"ಅಕ್ಕಾ, ಮೂ... ಮೂ... ಅಂತ ಅಂದ್ಕೊಂಡೇ ನಿಂತುಬಿಟ್ರು. ಹೆಸ್ರು ಪೂರ್ತಿ ಆಗೋ ಹೊತ್ಗೆ ಬಸ್ಸೇ ಹೋಗ್ಬಿಟ್ಟಿತ್ತು. ಕಲ್ಲುಬಾವಿಯೋರು ಹೊಸಸಂತೆ ಬಸ್ಸು ಹತ್ತಿದ್ರು. ಒಂದೇ ಗಲಾಟೆ. ಸಾಹೇಬ್ರು, ಹಬ್ಬದ ರಶ್ಶು ಶುರುವಾಗೋದ್ರೊಳಗೆ ಗಂಟ್ಲು ಸರಿ ಮಾಡ್ಕೊಂಡು ಬನ್ನಿ, ಇಲ್ದಿದ್ರೆ ಬೇರೆಯೋರ್ನ ಕೂರಿಸ್ತೀವಿ ಅಂದ್ರು."

ಕಂಡಕ್ಟರ್ ಹೋದ ಮೇಲೆ ನಾನು ಕಂಪ್ಯೂಟರಿನ ಮುಂದೆ ಕೂತೆ. ಮೊದಲು ಗಡಿಯಾರವನ್ನು ಕೇಳಿದೆ, ಎಲ್ಲರ ಮನೆಗೂ ಸಾಫ್ಟ್‌ವೇರ್ ಒದಗಿಸುವ ಊರಿನ ಭಂಡಾರದಿಂದ ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು, ಢಣ್ ಎಂದು ಗಂಟೆಯನ್ನೂ ಹೊಡೆಯಿತು. ನನ್ನ ಗಂಡನ ಮುಖ ನೋಡಿದೆ. "ಏನಾದ್ರೂ ಮಾತಾಡ್ರೀ" ಅಂದೆ. ಅವರು ಬಾಯಿ ತೆರೆದು, "ವಿ... ವಿ... ವಿ..." ಎಂದು ನನ್ನ ಹೆಸರಿನ ಮೊದಲನೆಯ ಅಕ್ಷರದಲ್ಲೇ ಸಿಕ್ಕಿಕೊಂಡು, ಕಣ್ಣು ಮುಚ್ಚಿದರು. ಓರ್ಲಾ ಎಂದು ಒತ್ತಿದೆ. ಅಂಥದ್ದು ಯಾವುದೂ ಸಿಗಲಿಲ್ಲ ಎಂದು ಬಂತು. ಕಾಗುಣಿತ ತಪ್ಪಿತೇನೋ ಎಂದು ಮತ್ತೆ ಒತ್ತಿದೆ. ಮತ್ತೆ ಅದೇ ಉತ್ತರ ಬಂತು.

ಹಿಂದಿನಿಂದ ಅತ್ತೆಯ ಅಳು ಕೇಳಿಸಿತು. "ಅದು ಭಂಡಾರದಲ್ಲಿ ಸಿಗಲ್ಲ ಕಣೇ. ಅದು ಹೊರಗಿಂದ ತಂದು ಹಾಕಿದ್ದು."

ನನ್ನ ಗಂಡ ಎಳೆಯ ಮಗುವಾಗಿದ್ದಾಗ ವಿಪರೀತ ಉಗ್ಗುತ್ತಿದ್ದರಂತೆ. ಆಗ ಊರೂರು ಸುತ್ತುವ ಒಬ್ಬ ಹೆಂಗಸು ಒಂದು ಪೆನ್‌ಡ್ರೈವ್ ತಂದು, ಎರಡೇ ಎರಡು ಮನೆಗೆ ಓರ್ಲಾ ಹಾಕಿಕೊಟ್ಟು ಹೋದಳಂತೆ. ಒಂದು ನಮ್ಮ ಮನೆ. ಅದರ ಫೈಲು ಡೌನ್‌ಲೋಡ್ಸಿನಲ್ಲೇ ಇತ್ತು, ನಾನು ನಿನ್ನೆ ಗುಡಿಸಿ ಹೊರಹಾಕಿದ ಕಸದ ಜೊತೆ ಅದೂ ಹೋಗಿತ್ತು. ಮಗನಿಗೆ ನೆನಪೇ ಇಲ್ಲ, ತಾಯಿ ಯಾವತ್ತೂ ಹೇಳಲಿಲ್ಲ.

"ಓದಿದಾಗ್ಲೇ ಯಾಕೆ ಹೇಳ್ಲಿಲ್ಲ ಅತ್ತೆ? ನಂದು ಅಂದಿದ್ರೆ ಆಗೋಗಿತ್ತು!" ನಾನು ಕಿರುಚಿದೆ. ಅತ್ತೆಯ ಮುಂದೆ ನಾನು ದನಿ ಎತ್ತಿದ್ದು ಅದೇ ಮೊದಲು.

"ಬೀದಿಯೋರೆಲ್ಲ ನಿಂತಿದ್ರಲ್ಲೇ. ಏನಮ್ಮ ಅದು ಓರ್ಲಾ ಅಂತ ಕೇಳಿದ್ರೆ ಏನ್ ಹೇಳ್ಲಿ? ನನ್ನ ಮಗ ಉಗ್ಗ ಅಂತ ನನ್ನ ಬಾಯಲ್ಲೇ ಹೇಳ್ಲಾ? ಗಡಿಯಾರಕ್ಕೂ ಅದಕ್ಕೂ ಏನು, ಬರೀ ಹೆಸ್ರು ತೋರಿಸ್ತಿರ್ಬೋದು ಅಂದ್ಕೊಂಡೆ."

"ಇನ್ನೊಂದು ಮನೆ ಯಾರ್ದು?"

ಅತ್ತೆ ತಲೆ ಅಲ್ಲಾಡಿಸಿದರು. ಅವರೂ ಆ ಮನೆಯ ಹಿರಿಯಳೂ ಉಪ್ಪು ಮುಟ್ಟಿ ಆಣೆ ಮಾಡಿಕೊಂಡಿದ್ದರಂತೆ, ನಿನ್ನದು ನಾನು ಹೇಳುವುದಿಲ್ಲ, ನನ್ನದು ನೀನು ಹೇಳಬೇಡ ಎಂದು. ಆ ಹಿರಿಯಳು ತೀರಿಹೋಗಿದ್ದಾಳೆ. ಸತ್ತವಳಿಗೆ ಕೊಟ್ಟ ಮಾತು ಮುರಿಯುವುದು ಹೇಗೆ ಎಂದು ಅತ್ತೆ ಗೋಡೆಗೆ ತಲೆ ಆನಿಸಿದರು. ನನಗೆ ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಯಿತು, ಬೈಯುವ ಹಾಗೂ ಇಲ್ಲ, ಬಿಡುವ ಹಾಗೂ ಇಲ್ಲ.

ಒಂದು ಆಸೆ ಮಾತ್ರ ಉಳಿದಿತ್ತು. ಪರ್ಜ್ ಎಷ್ಟೇ ನಿರ್ದಯಿಯಾದರೂ ಮನೆಯವರ ಸ್ವಂತ ಕೋಣೆಗೆ ಕೈ ಹಾಕುವುದಿಲ್ಲ ಎಂದು ಕೇಳಿದ್ದೆ. ನನ್ನ ಗಂಡನ ಫೋಲ್ಡರ್ ತೆರೆದು, ಬಚ್ಚಿಟ್ಟದ್ದನ್ನೆಲ್ಲ ತೋರಿಸು ಅಂದೆ. ಹೆಸರಿನ ಮುಂದೆ ಚುಕ್ಕಿ ಇಟ್ಟುಕೊಂಡ ಎಷ್ಟೋ ಫೋಲ್ಡರುಗಳು ಮಸುಕು ಮಸುಕಾಗಿ ಎದ್ದು ಬಂದವು. ಅವುಗಳ ನಡುವೆ ಚುಕ್ಕಿಯ ಓರ್ಲಾ ಇತ್ತು. ಅಷ್ಟು ವರ್ಷ ಅವರ ನಾಲಿಗೆಯನ್ನು ತಿದ್ದಿ ತೀಡಿದ ಅಭ್ಯಾಸವೆಲ್ಲ ಅದರಲ್ಲಿ ಹಾಗೇ ಇತ್ತು. ಓರ್ಲಾ ಸಾಫ್ಟ್‌ವೇರ್ ಒಂದು ಸಿಕ್ಕಿದರೆ ಸಾಕು, ಅದೇ ದನಿ ಮರಳುತ್ತದೆ. ಸಿಗಬೇಕಲ್ಲ.

ಅವತ್ತಿನಿಂದ ನಾನು ಊರಿನಲ್ಲಿ ಸರಾಗವಾಗಿ ಮಾತಾಡುವವರ ಹಿಂದೆ ಬಿದ್ದೆ. ವಕೀಲರ ಮನೆ ಮುಂದೆ ಕಾರಣವಿಲ್ಲದೆ ನಿಂತು ಅವರ ಮಾತು ಆಲಿಸಿದೆ. ಬಳೆಯಂಗಡಿಯವಳ ಹತ್ತಿರ ಬೇಡದ ಬಳೆ ಕೊಂಡು, ಮೊದಲ ಅಕ್ಷರ ನುಂಗುತ್ತಾಳೋ ಎಂದು ಅವಳ ತುಟಿಯನ್ನೇ ನೋಡಿದೆ. ಶಾಲೆಯ ಮೇಷ್ಟರನ್ನು ನಿಲ್ಲಿಸಿ, "ಸಾರ್, ಚಿಕ್ಕಂದಿನಿಂದಲೂ ನೀವು ಇಷ್ಟು ಚೆನ್ನಾಗಿ ಮಾತಾಡ್ತಿದ್ರಾ?" ಎಂದು ಕೇಳಿದೆ. ಅವರು ಹೆಂಡತಿಯ ಕಡೆ ನೋಡಿ ಬೇಗ ಬೇಗ ನಡೆದರು. ದಾಕ್ಷಾಯಣಕ್ಕನ ಯೋಚನೆ ಬರಲಿಲ್ಲವೇ ಎಂದರೆ, ಬಂತು. ಆದರೆ ಆ ನಾಲಿಗೆಗೆ ಯಾವ ಸಾಫ್ಟ್‌ವೇರ್ ಬೇಕು, ಕಂಪ್ಯೂಟರನ್ನು ಬಾವಿಗೆ ಎಸೆದರೂ ಅದು ಓಡುತ್ತಿರುತ್ತದೆ ಎಂದು ಬಿಟ್ಟುಬಿಟ್ಟೆ.

ಮನೆಯಲ್ಲಿ ನನ್ನ ಗಂಡ ಮಾತೇ ನಿಲ್ಲಿಸಿದರು. ನೀರು ಬೇಕಾದರೆ ಲೋಟ ತೋರಿಸುವರು. ಯಾರಾದರೂ ಬಂದರೆ ಹಿತ್ತಲಿಗೆ ಹೋಗುವರು. ಗಂಡಸಿನ ಮೌನ ಕೋಪದ್ದಾದರೆ ಸಹಿಸಬಹುದು, ನಾಚಿಕೆಯದ್ದಾದರೆ ಸಹಿಸುವುದು ಬಹಳ ಕಷ್ಟ. ಹಬ್ಬ ಹತ್ತಿರವಾಗುತ್ತಿತ್ತು. ಬಸ್ ಸ್ಟ್ಯಾಂಡಿನ ಕಡೆಯಿಂದ ಗಾಳಿ ಬೀಸಿದರೆ ಬೇರೆ ಯಾರದೋ ಕೀರಲು ದನಿ ಕೇಳಿಸುತ್ತಿತ್ತು. ನಾನು ಕಿಟಕಿ ಮುಚ್ಚುತ್ತಿದ್ದೆ, ಮುಚ್ಚಿದೆನೋ ಇಲ್ಲವೋ ಎಂದು ಮತ್ತೆ ಹೋಗಿ ನೋಡುತ್ತಿದ್ದೆ.

ಒಂದು ಸಂಜೆ ಅವರೇ ಎದ್ದು ಅಂಗಿ ಹಾಕಿಕೊಂಡರು. ಬೀದಿಯವರನ್ನು ಕರೆ ಎಂದು ಕೈಸನ್ನೆ ಮಾಡಿದರು. "ಬೇಡ ಕಣೋ ಉಮಾಪತಿ, ಮರ್ಯಾದೆ ಹೋಗುತ್ತೆ" ಎಂದು ಅತ್ತೆ ಅವರ ಕೈ ಹಿಡಿದುಕೊಂಡರು. ಅವರು ಬಿಡಿಸಿಕೊಂಡರು. ನಾನು ಹೋಗಿ ಕರೆದೆ. ಏನೋ ತೆಗೆಯುತ್ತಾರೆ ಎಂದುಕೊಂಡು ಎಲ್ಲರೂ ಬಂದು ನಿಂತರು. ದಾಕ್ಷಾಯಣಕ್ಕ ಗಂಟಲು ಕಟ್ಟಿದೆ ಎಂದು ಸನ್ನೆ ಮಾಡಿ, ಮುಂದೆ ಬರದೆ ಎಲ್ಲರ ಹಿಂದೆ ಬೇವಿನ ಮರದ ಮರೆಗೆ ನಿಂತುಕೊಂಡರು.

ನನ್ನ ಗಂಡ ಹೊಸಿಲ ಮೇಲೆ ನಿಂತರು. "ಓ..." ಎಂದು ಶುರು ಮಾಡಿದರು. ಆ ಒಂದು ಅಕ್ಷರ ಮುಗಿಯುವುದೇ ಇಲ್ಲವೇನೋ ಎಂದು ನನ್ನ ಜೀವ ಬಾಯಿಗೆ ಬಂತು. ಹಿಂದುಗಡೆ ಯಾರೋ ಕಿಸಕ್ ಎಂದು ನಕ್ಕರು. ಅವರು ನಿಲ್ಲಿಸಲಿಲ್ಲ. "ಓ... ಓರ್ಲಾ. ಅ... ಅ... ಅವತ್ತು ನಂದಲ್ಲ ಅಂದೆ. ತ... ತಪ್ಪು. ಅ... ಅದು ನಂದು. ನಂ... ನಂಗೆ ಹು... ಹುಟ್ಟಿದಾಗಿಂದ ಉಗ್ಗು. ಇ... ಇನ್ನೊಂದು ಮನೇಲಿ ಅದು ಇದೆ. ಯಾ... ಯಾ... ಯಾರು ಅಂತ ಕೇಳಲ್ಲ. ಕೊ... ಕೊಡಿ." ಬೆವರು ಅಂಗಿಯ ಕಾಲರಿನವರೆಗೆ ಇಳಿದಿತ್ತು. ಬೀದಿಯವರು ಸ್ವಲ್ಪ ಹೊತ್ತಿಗೆ ಒಬ್ಬೊಬ್ಬರಾಗಿ ಕರಗಿದರು. ಒಬ್ಬರೂ ನಮ್ಮಲ್ಲಿದೆ ಅನ್ನಲಿಲ್ಲ. ಅವರು ಒಳಗೆ ಬಂದು ಗೋಡೆಯ ಕಡೆ ತಿರುಗಿ ಮಲಗಿದರು. ಆ ಬೆನ್ನನ್ನು ನೋಡಿ ನನಗೆ ಊರಿಗೆ ಊರನ್ನೇ ಶಪಿಸಬೇಕು ಅನ್ನಿಸಿತು. ಅಷ್ಟೇ ಹೆಮ್ಮೆಯೂ ಆಯಿತು.

ಮಾರನೆಯ ದಿನ ಮಧ್ಯಾಹ್ನ ಕಿಟಕಿಯ ಕಂಬಿಗೆ ಒಂದು ಹಳೆಯ ಕರವಸ್ತ್ರ ಕಟ್ಟಿತ್ತು. ಬಿಚ್ಚಿದರೆ ಒಳಗೆ ಪೆನ್‌ಡ್ರೈವ್. ಅದರಲ್ಲಿ ಒಂದೇ ಒಂದು ಫೈಲು, ಓರ್ಲಾ. ಅತ್ತೆ ದೀಪ ಹಚ್ಚಿದರು. ಫೈಲನ್ನು ಒತ್ತಿದಾಗ, ಇದು ಭಂಡಾರದ್ದಲ್ಲ, ಹೊರಗಿನದು, ನಂಬುತ್ತೀಯಾ ಎಂಬಂತೆ ಕಂಪ್ಯೂಟರ್ ಎಚ್ಚರಿಸಿತು. ನಂಬದೆ ನನಗೆ ಬೇರೆ ಏನಿತ್ತು? ಪಾಸ್‌ವರ್ಡ್ ಒತ್ತಿದೆ, ತಪ್ಪಾಯಿತು. ಮತ್ತೆ ಒತ್ತಿದೆ. ಗಡಿಯಾರ ಮೊದಲೇ ಬಂದು ಕೂತಿದ್ದರಿಂದ ಓರ್ಲಾ ಅದಕ್ಕೆ ಒರಗಿ ತನ್ನ ಜಾಗ ಹಿಡಿಯಿತು. ಬಚ್ಚಿಟ್ಟ ಫೋಲ್ಡರೂ ಅದರ ಕೈಗೆ ಸಿಕ್ಕಿರಬೇಕು.

"ವಿಶಾಲೂ, ಬಾಗಿಲು ಹಾಕು, ಧೂಳು ಬರ್ತಿದೆ" ಅಂದರು ನನ್ನ ಗಂಡ. ಎಂಥ ಸಪ್ಪೆ ಮಾತು. ಅತ್ತೆ ಸೊಸೆ ಇಬ್ಬರೂ ಅದನ್ನು ಕೇಳಿ ಗೊಳೋ ಎಂದು ಅತ್ತೆವು. ಸಂಜೆ ಬಸ್ ಸ್ಟ್ಯಾಂಡಿನಿಂದ ಮೂಡಲಕಟ್ಟೆಯ ಹೆಸರು ಗಾಳಿಯಲ್ಲಿ ತೇಲಿ ಬಂದಾಗ, ಬೀದಿಯಲ್ಲಿ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ತಲೆದೂಗಿದರು.

ಕೊಟ್ಟವರು ಯಾರು ಎಂದು ಕೇಳುವುದಿಲ್ಲ ಎಂದು ನನ್ನ ಗಂಡ ಮಾತು ಕೊಟ್ಟಿದ್ದರು. ನಾನೂ ಹುಡುಕಲಿಲ್ಲ. ಹಬ್ಬವೂ ಕಳೆಯಿತು. ನಡುವೆ ಸಂಕಮ್ಮನವರ ಮನೆಯಲ್ಲಿ ‘ನಂದಲ್ಲ’ ಹೇಳಿಸುವುದಿತ್ತು. ದಾಕ್ಷಾಯಣಕ್ಕ ಬರಲಿಲ್ಲ, ಇನ್ನೂ ಗಂಟಲು ಸರಿಯಿಲ್ಲವಂತೆ. ಮೇಷ್ಟರು ಓದಿದರು, ಯಾರೂ ನಗಲಿಲ್ಲ. ಗಂಟಲ ನೋವಿಗೆ ಮೆಣಸಿನ ಕಷಾಯ ಮಾಡಿ ತೆಗೆದುಕೊಂಡು ಹೋದೆ. ಅವರು ಬಾಗಿಲನ್ನು ಅರ್ಧ ಮಾತ್ರ ತೆಗೆದು, ಲೋಟ ಈಸಿಕೊಂಡು, ತಲೆ ಆಡಿಸಿ, ಮುಚ್ಚಿಕೊಂಡರು. ನಾನೇನು ತಪ್ಪು ಮಾಡಿದೆನೋ ಎಂದು ಅವತ್ತೆಲ್ಲ ಕೊರಗಿದೆ.

ಮರುದಿನ ಬೆಳಗ್ಗೆ ತರಕಾರಿ ಗಾಡಿ ಬಂತು. ಹೆಂಗಸರು ಸುತ್ತುವರಿದಿದ್ದರು. ದಾಕ್ಷಾಯಣಕ್ಕ ಬದನೆಕಾಯಿ ಆರಿಸುತ್ತಿದ್ದರು. ಗಾಡಿಯವನು ಅವರು ಆರಿಸಿದ್ದನ್ನು ಪಕ್ಕಕ್ಕೆ ತಳ್ಳಿ, ಹುಳುಕು ಬಿದ್ದ ಬದನೆಕಾಯಿಗಳನ್ನೇ ತಕ್ಕಡಿಗೆ ಹಾಕಿದ. ಬೇರೆ ದಿನವಾಗಿದ್ದರೆ ಅವನ ತಾತನ ಕಾಲದಿಂದ ಶುರು ಮಾಡಿ ಜನ್ಮ ಜಾಲಾಡುತ್ತಿದ್ದರು. ಅವರು ಬಾಯಿ ತೆರೆದರು. ತುಟಿ ಅದುರಿತು. ಕತ್ತಿನ ನರ ಉಬ್ಬಿತು. ಆ ನರವನ್ನು ನಾನು ಬಚ್ಚಲ ಬಾಗಿಲ ಸಂದಿಯಲ್ಲಿ ಕಂಡಿದ್ದೆ. ಅವರು ಬಾಯಿ ಮುಚ್ಚಿಕೊಂಡು, ಹುಳುಕು ಬದನೆಕಾಯಿಯನ್ನೇ ಸೆರಗಿಗೆ ಹಾಕಿಸಿಕೊಂಡು ಒಳಗೆ ಹೋದರು.

ನಾನು ಮನೆಗೆ ಓಡಿ ಪೆನ್‌ಡ್ರೈವ್ ತೆಗೆದುಕೊಂಡು, ಕೇಳದೆ ಕರೆಯದೆ ಅವರ ನಡುಮನೆಗೆ ನುಗ್ಗಿದೆ. ಅಷ್ಟು ವರ್ಷದಲ್ಲಿ ನಾನು ಆ ಹೊಸಿಲು ದಾಟಿದ್ದು ಅದೇ ಮೊದಲ ಸಲ. ಅವರು ಬೇಡ ಬೇಡ ಎಂದು ಕೈ ಆಡಿಸಿದರೂ ಬಿಡದೆ ಅವರ ಕಂಪ್ಯೂಟರಿನಲ್ಲಿ ಹುಡುಕಿದೆ. ಓರ್ಲಾ ಇರಲಿಲ್ಲ. ಅದರ ಫೈಲೂ ಇರಲಿಲ್ಲ. ಮೊದಲು ಯಾರನ್ನೂ ಕರೆಯದೆ ತಮ್ಮ ಮನೆಯಿಂದ ತೆಗೆದು, ಆಮೇಲೆ ಫೈಲನ್ನು ಕಟ್ ಮಾಡಿ ಪೆನ್‌ಡ್ರೈವಿಗೆ ಹಾಕಿದ್ದರು. ಯಾವತ್ತೂ ಏನನ್ನೂ ತೆಗೆಯದ ಮನೆಯಲ್ಲಿ ಮೊದಲ ಸಲ ತೆಗೆದದ್ದು ಅದನ್ನೇ.

"ಅಕ್ಕಾ, ಯಾಕ್ ಹಿಂಗ್ ಮಾಡಿದ್ರಿ? ಕಾಪಿ ಮಾಡಿದ್ರೆ ಇಬ್ರ ಮನೇಲೂ ಇರುತ್ತೆ. ನಮಗೆ ಕೊಟ್ರೆ ನಿಮ್ಮದು ಹೋಗಲ್ಲ!"

ಅವರಿಗೆ ಅದು ಗೊತ್ತಿರಲಿಲ್ಲ. ಸಸಿಯ ಹಾಗೆ ಇಲ್ಲಿಂದ ಕಿತ್ತು ಅಲ್ಲಿ ನೆಡಬೇಕು, ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರಿಗೆ ಇಲ್ಲ ಎಂದೇ ತಿಳಿದಿದ್ದರು. ಅವರು ಹೊಸ ಸೊಸೆಯಾಗಿದ್ದಾಗ ಅವರತ್ತೆ ಹಾಕಿಸಿದ್ದು, ತೆಗೆಯುವಾಗ ಬೇರೆಯವರ ಮನೆಯಲ್ಲಿ ಹೆಸರು ಓದಿದ್ದು ಬಿಟ್ಟರೆ, ಕಾಪಿ ಮಾಡುವುದನ್ನು ಅವರು ಯಾವತ್ತೂ ಹತ್ತಿರ ನಿಂತು ನೋಡಿದವರಲ್ಲ. ನನಗೆ ಅಳು ತಡೆಯಲಾಗಲಿಲ್ಲ. "ನಿಮ್ಮದು ಹೋಗುತ್ತೆ ಅಂತ ಅಂದ್ಕೊಂಡೂ ಕೊಟ್ರಾ ಅಕ್ಕ?" ಅಂದೆ.

ಅವರು ಉತ್ತರ ಹೇಳಲು ಹೊರಟರು. ಮಾತು ಬರುವುದು ಬಹಳ ತಡವಾಯಿತು. ಹಾಲು ಕಾಯುವಷ್ಟು ಹೊತ್ತೂ ಸುಮ್ಮನೆ ನಿಲ್ಲಲಾರದ ನಾನು ಅವರ ಎದುರು ಕೂತು ಕಾದೆ.

"ನಿ... ನಿನ್ನ ಗಂಡ ಹೊ... ಹೊಸಿಲ ಮೇಲೆ ನಿಂತು ಹೇಳ್ದ. ಎ... ಎಲ್ಲರ ಮುಂದೆ. ನಾ... ನಾನು ಮ... ಮರದ ಹಿಂದೆ ನಿಂತಿದ್ದೆ." ಉಸಿರು ಎಳೆದುಕೊಂಡರು. "ಅ... ಅವತ್ತು ಓ... ಓದ್ದೋಳೂ ನಾನೇ. ಗೊ... ಗೊತ್ತಿದ್ದೂ ಸು... ಸುಮ್ನಿದ್ದೆ."

ನಾನು ಪೆನ್‌ಡ್ರೈವ್ ಹಾಕಿ, ಕಾಪಿ ಒತ್ತಿ, ಫೈಲನ್ನು ಅವರ ಮನೆಗೆ ಇಳಿಸಿದೆ. ಅವರು ಪಾಸ್‌ವರ್ಡ್ ಒತ್ತಿದರು. ಮುಂದುವರಿಯಲೇ ಎಂದು ಕಂಪ್ಯೂಟರ್ ಕೇಳಿತು. ನನ್ನ ಬೆರಳು ವೈ ಮೇಲೆ ಇಳಿಯುವಷ್ಟರಲ್ಲಿ ಅವರು ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿದರು. ಜಾಗ ಸಾಲದೋ, ಅಥವಾ ಅವರಿಗೆ ಬೇಡವಾಯಿತೋ ಎಂದು ನಾನು ಪರದೆಯನ್ನೊಮ್ಮೆ, ಅವರ ಮುಖವನ್ನೊಮ್ಮೆ ನೋಡಿದೆ.

ಅವರು ಎದ್ದು ಹೋಗಿ ಬೀದಿಯ ಬಾಗಿಲನ್ನು ಪೂರ್ತಿ ತೆರೆದರು. ತರಕಾರಿ ಗಾಡಿ ಇನ್ನೂ ಅಲ್ಲೇ ಇತ್ತು. ಸಂಕಮ್ಮ ಇದ್ದರು, ವಕೀಲರ ಹೆಂಡತಿ ಇದ್ದರು, ನಮ್ಮತ್ತೆಯೂ ಬಂದು ನಮ್ಮ ಜಗಲಿಯ ಮೇಲೆ ನಿಂತಿದ್ದರು. ದಾಕ್ಷಾಯಣಕ್ಕ ಹೊಸಿಲ ಮೇಲೆ ನಿಂತು, ಬಾಗಿಲ ಚೌಕಟ್ಟನ್ನು ಎರಡೂ ಕೈಯಿಂದ ಹಿಡಿದುಕೊಂಡರು.

"ಇ... ಇಲ್ಲಿ ಕೇಳ್ರೇ" ಎಂದು ಕೂಗಿದರು. ಎಲ್ಲರೂ ತಿರುಗಿದರು. "ನಂ... ನಂಗೂ ಉ... ಉಗ್ಗು. ಚಿ... ಚಿಕ್ಕೋಳಿದ್ದಾಗಿಂದ. ಆ... ಆ ಇನ್ನೊಂದು ಮನೆ ನ... ನಮ್ಮದೇ."

ಯಾರೂ ನಗಲಿಲ್ಲ. ನಮ್ಮತ್ತೆ ಜಗಲಿಯ ಮೇಲೇ ಕುಸಿದು ಕೂತು, ಸೆರಗಿನಿಂದ ಮುಖ ಮುಚ್ಚಿಕೊಂಡರು. ದಾಕ್ಷಾಯಣಕ್ಕ ಬಾಗಿಲು ಹಾಕದೆ ಹಾಗೇ ಒಳಗೆ ಬಂದು ನನ್ನ ಪಕ್ಕ ಕೂತರು.

"ಈ... ಈಗ ಒತ್ತು" ಅಂದರು.